‘ಹಕ್ಕುಸ್ವಾಮ್ಯ’ ಎಂಬ ಒಂದೇ ಪದ ಪೇಟೆಂಟಿಗೂ ಕಾಪಿರೈಟಿಗೂ ಸಲ್ಲುತ್ತದೆಯೇ?

ಮಾನ್ಯರೇ,

ಚಿಕ್ಕಮಗಳೂರಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಕುರಿತು ಕನ್ನಡದಲ್ಲಿ ಪಾಠ ಹೇಳುವಾಗ ಎದುರಾದ ತೊಡಕೊಂದನ್ನು ತಮ್ಮ ಮುಂದಿಡುತ್ತಿದ್ದೇನೆ. ತಂತ್ರಾಂಶದ ಪೇಟೆಂಟುಗಳು ಮುಕ್ತ ಗ್ರಾಫಿಕ್ಸ್ ಡ್ರೈವರುಗಳ (ಪರದೆಯ ಚಿತ್ರ ಮೂಡಿಸುವ ಯಂತ್ರಾಂಶವನ್ನು ನಡೆಸುವ, ಯಾರೂ ಬಳಸಿ ತಿದ್ದಬಹುದಾದ ತಂತ್ರಾಂಶಗಳ) ಬೆಳವಣಿಗೆಗೆ ಹೇಗೆ ಅಡ್ಡಿಯಾದವು ಎಂಬ ಟಿಪ್ಪಣಿಯಲ್ಲಿ, ಅಲ್ಲಲ್ಲಿ ಓದಿದ ರೂಢಿಯಂತೆ, ಪೇಟೆಂಟಿಗೆ ‘ಹಕ್ಕುಸ್ವಾಮ್ಯ’ ಎಂದು ಬರೆದಿದ್ದೆ. ಕಾಪಿರೈಟಿಗೂ ಅದೇ ಪದ ಬಂದಿತ್ತು. ಮೂಡಿಗೆರೆ ಕಡೆಯ ವಿದ್ಯಾರ್ಥಿನಿಯೊಬ್ಬಳು ಅದನ್ನು ಓದಿ, “ಸರ್, ಕೋಡ್ ಬರೆದವರೂ ಅವರೇ, ಹಕ್ಕುಸ್ವಾಮ್ಯವೂ ಅವರದ್ದೇ ಅಂತ ಇದೆ. ಮತ್ತೆ ಹಕ್ಕುಸ್ವಾಮ್ಯದಿಂದಾಗಿ ಅದನ್ನ ಹಂಚೋಕೆ ಆಗಲಿಲ್ಲ ಅಂದ್ರೆ ಏನರ್ಥ?” ಎಂದು ಕೇಳಿದಳು. ಅವಳು ಸರಿಯಾಗಿಯೇ ಓದಿದ್ದಳು. ತಪ್ಪಿದ್ದು ನಾನು ಆರಿಸಿದ ಪದ.

ಟಿಪ್ಪಣಿಯಲ್ಲಿದ್ದ ಉದಾಹರಣೆ ಎಸ್3ಟಿಸಿ ಎಂಬ ಚಿತ್ರಸಂಕೋಚನ ವಿಧಾನದ್ದು. ಅದರ ಸರಳ ರೂಪದಲ್ಲಿ ನಾಲ್ಕಕ್ಕೆ ನಾಲ್ಕರ ಚೌಕದ 16 ಚುಕ್ಕೆಗಳ ಬಣ್ಣವನ್ನು ಒಟ್ಟು 64 ಬಿಟ್‌ಗಳಲ್ಲಿ ಹಿಡಿದಿಡಲಾಗುತ್ತದೆ: ಎರಡು ಮೂಲ ಬಣ್ಣಗಳಿಗೆ 32 ಬಿಟ್, ಒಂದೊಂದು ಚುಕ್ಕೆಗೂ ಎರಡೆರಡರಂತೆ ಉಳಿದ 32. ಬಹಳಷ್ಟು ಆಟಗಳು ಇದನ್ನೇ ನೆಚ್ಚಿಕೊಂಡಿದ್ದವು. ಬ್ರಯಾನ್ ಪಾಲ್ 1993ರಲ್ಲಿ ಆರಂಭಿಸಿದ, ಲಿನಕ್ಸಿನ ಮುಕ್ತ ಗ್ರಾಫಿಕ್ಸ್ ಡ್ರೈವರುಗಳಿಗೆ ನೆಲೆಯಾದ ಮೆಸಾ ಯೋಜನೆಯವರಿಗೆ ಈ ಕೋಡನ್ನು ಸ್ವತಂತ್ರವಾಗಿ ಬರೆಯುವುದು ಕಷ್ಟವೇನೂ ಆಗಿರಲಿಲ್ಲ. ಆದರೆ ವಿಧಾನದ ಮೇಲೆ ಅಮೆರಿಕದಲ್ಲಿ ಪೇಟೆಂಟ್ ಇದ್ದುದರಿಂದ ಅದನ್ನು ಮೆಸಾದೊಳಗೆ ಸೇರಿಸದೆ, ಬೇಕಾದವರು ತಾವೇ ಹಾಕಿಕೊಳ್ಳಬೇಕಾದ ಪ್ರತ್ಯೇಕ ಲೈಬ್ರರಿಯಾಗಿ ವರ್ಷಗಟ್ಟಲೆ ಹೊರಗೇ ಇಟ್ಟಿದ್ದರು. 2017ರ ಅಕ್ಟೋಬರಿನಲ್ಲಿ ಪೇಟೆಂಟಿನ ಅವಧಿ ಮುಗಿಯಿತು. ಅದೇ ತಿಂಗಳು ಆ ಕೋಡ್ ಮೆಸಾದೊಳಕ್ಕೆ ಬಂತು. ದಶಮಾಂಶ ಬೆಲೆಗಳನ್ನು ಹಿಡಿಯುವ ಟೆಕ್ಸ್‌ಚರುಗಳ (ಆಕೃತಿಗಳ ಮೇಲೆ ಹೊದಿಸುವ ಚಿತ್ರಗಳ) ಕಥೆಯೂ ಇಂಥದ್ದೇ: ಕೋಡ್ ಸಿದ್ಧವಿದ್ದರೂ ಪೇಟೆಂಟಿನಿಂದಾಗಿ 2018ರವರೆಗೆ ಮೆಸಾವನ್ನು ಕಂಪೈಲ್ ಮಾಡುವಾಗ ಅದನ್ನು ನಾವೇ ಆರಿಸಿಕೊಳ್ಳಬೇಕಿತ್ತು.

ಇಲ್ಲಿ ಕಾಪಿರೈಟ್ ಕಾಯುವುದು ಬರೆದ ಕೋಡನ್ನು. ಪೇಟೆಂಟ್ ಕಾಯುವುದು ವಿಧಾನವನ್ನು, ಅದನ್ನು ಯಾರು ಹೇಗೆ ಬರೆದರೂ ಸರಿ. ಪೇಟೆಂಟಿನ ಆಯುಷ್ಯ ಅರ್ಜಿ ಹಾಕಿದ ದಿನದಿಂದ 20 ವರ್ಷ; ಕಾಪಿರೈಟ್ ನಮ್ಮ ದೇಶದಲ್ಲಿ ಲೇಖಕರ ಜೀವಿತಾವಧಿಯ ನಂತರವೂ 60 ವರ್ಷ ಉಳಿಯುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟರೆ 2017ರಲ್ಲಿ ಬಾಗಿಲು ತೆರೆದದ್ದೇಕೆ ಎಂಬುದು ಓದುಗರಿಗೆ ತಿಳಿಯುವುದೇ ಇಲ್ಲ.

ಕಾಪಿರೈಟಿಗೆ ‘ಕೃತಿಸ್ವಾಮ್ಯ’ ಇರಲಿ ಎಂದು ನಿರ್ಧರಿಸಿದ್ದೇನೆ. ಅದರಲ್ಲಿ ನನಗೆ ಅನುಮಾನವಿಲ್ಲ. ಕಷ್ಟವಿರುವುದು ಪೇಟೆಂಟಿನ ವಿಷಯದಲ್ಲಿ. ‘ಏಕಸ್ವಾಮ್ಯ’ ಈಗಾಗಲೇ ಮಾರುಕಟ್ಟೆಯನ್ನು ಒಬ್ಬರೇ ಹಿಡಿದಿರುವ ಸ್ಥಿತಿಗೆ ಸಲ್ಲುತ್ತಿದೆ. ‘ಸನ್ನದು’ ನನಗೆ ಬಹಳ ಹಿಡಿಸಿದ ಪದ, ಏಕೆಂದರೆ ಪೇಟೆಂಟ್ ಎಂಬುದರ ಲ್ಯಾಟಿನ್ ಮೂಲದ ಅರ್ಥವೇ ‘ತೆರೆದ’ ಎಂದು. ಅರಸನ ಮೊಹರು ಹೊತ್ತು ಎಲ್ಲರೂ ಓದುವಂತೆ ತೆರೆದಿರುತ್ತಿದ್ದ ಪತ್ರದಿಂದ ಅದು ಬಂದಿದೆ. ಆದರೆ ವಕೀಲರ ಸನ್ನದಾಗಲಿ ಮದ್ಯದಂಗಡಿಯ ಸನ್ನದಾಗಲಿ ಪಡೆದವರಿಗೆ ಒಂದು ಕೆಲಸ ಮಾಡಲು ಅನುಮತಿ ಕೊಡುತ್ತದೆ. ಪೇಟೆಂಟ್ ಕೊಡುವುದು ಇತರರನ್ನು ತಡೆಯುವ ಹಕ್ಕನ್ನು. ಡ್ರೈವರ್ ಬರೆಯುವವರನ್ನು ಕಾಡಿದ್ದು ಈ ತಡೆಯೇ ಆದ್ದರಿಂದ ಸನ್ನದನ್ನು ಒಲ್ಲದ ಮನಸ್ಸಿನಿಂದ ಕೈಬಿಟ್ಟೆ. ‘ಪೇಟೆಂಟ್’ ಎಂದೇ ಉಳಿಸಿಕೊಳ್ಳೋಣವೆಂದರೆ ಆಡುಮಾತಿನಲ್ಲಿ ಅದೂ ಸಡಿಲವಾಗಿದೆ: 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ ಕಾಫಿಗೆ ಭೌಗೋಳಿಕ ಸೂಚಕದ (ಒಂದು ಪ್ರದೇಶದ ವಿಶಿಷ್ಟ ಉತ್ಪನ್ನವೆಂಬ ಗುರುತಿನ) ಮಾನ್ಯತೆ ಸಿಕ್ಕಾಗ “ನಮ್ಮ ಕಾಫಿಗೆ ಪೇಟೆಂಟ್ ಬಂತು” ಎಂದವರ ಮಾತನ್ನು ನಾನೇ ಕೇಳಿದ್ದೇನೆ. ಆದರೂ ಸದ್ಯಕ್ಕೆ ನನ್ನ ಒಲವು ಅದರ ಕಡೆಗೇ.

ಇನ್ನೊಂದು ಪ್ರಶ್ನೆ ಇದಕ್ಕೆ ಅಂಟಿಕೊಂಡೇ ಇದೆ. ನಮ್ಮ ದೇಶದ 1970ರ ಪೇಟೆಂಟ್ ಕಾಯ್ದೆಯ 3(ಕೆ) ಕಲಮು ಕಂಪ್ಯೂಟರ್ ಪ್ರೋಗ್ರಾಂ ‘ಪರ್ ಸೀ’ ಆವಿಷ್ಕಾರವಲ್ಲ ಎನ್ನುತ್ತದೆ. ಈ ‘ಪರ್ ಸೀ’ ಎಂಬ ಲ್ಯಾಟಿನ್ ನುಡಿಗೆ ಕನ್ನಡದಲ್ಲಿ ಏನೆನ್ನುವುದು? ‘ಸ್ವತಃ’ ಎಂದರೆ ಪ್ರೋಗ್ರಾಂ ತಾನೇ ಏನನ್ನೋ ಮಾಡಿದಂತೆ ಕೇಳುತ್ತದೆ; ‘ಕೇವಲ’ ಎಂದರೆ ತುಚ್ಛಗೊಳಿಸಿದಂತಾಗುತ್ತದೆ. ‘ತನ್ನಷ್ಟಕ್ಕೆ’ ಎಂದು ಬರೆದಿದ್ದೇನೆ. ಕಾನೂನಿನ ಕನ್ನಡ ಬಲ್ಲವರು ಈ ಪದವನ್ನೂ, ಪೇಟೆಂಟಿನ ‘ತಡೆಯುವ ಹಕ್ಕು’ ಎಂಬ ಅರ್ಥವನ್ನು ಹೊರಬಲ್ಲ ಪದ ನಮ್ಮ ಹಳೆಯ ಕಡತ, ಶಾಸನಗಳಲ್ಲಿ ಇದೆಯೇ ಎಂಬುದನ್ನೂ ದಯವಿಟ್ಟು ತಿಳಿಸಿಕೊಡಬೇಕು.