ಖಾಲಿ ಸೈಟಿನಲ್ಲಿ ತರಕಾರಿ ಬೆಳೆಯಬೇಕು ಅಂತಿದ್ದೇವೆ, ಮೊದಲು ಯಾರನ್ನು ಕೇಳಬೇಕು?

ಗೋಪಾಳದವಳು:
ಶಿವಮೊಗ್ಗದ ಗೋಪಾಳದಲ್ಲಿ ನಮ್ಮ ಬೀದಿಯ ಕೊನೆಗೆ ಎರಡು ಖಾಲಿ ಜಾಗ ಇವೆ. ಒಂದು ಸಿಎ ಸೈಟ್ (ಬಡಾವಣೆಯ ಸಾರ್ವಜನಿಕ ಸೌಲಭ್ಯಕ್ಕೆ ಅಂತ ಬಿಟ್ಟ ಜಾಗ), ಪಕ್ಕದ್ದು ಖಾಸಗಿಯವರದ್ದು, ಮಾಲೀಕರು ಬೆಂಗಳೂರಿನಲ್ಲಿದ್ದಾರೆ. ಎದೆಮಟ್ಟ ಕಾಂಗ್ರೆಸ್ ಗಿಡ, ಮನೆ ಕಟ್ಟಿದವರೆಲ್ಲ ತಂದು ಸುರಿದ ಇಟ್ಟಿಗೆ ಚೂರು, ಮಳೆ ಶುರುವಾದರೆ ಹಾವು, ಸೊಳ್ಳೆ. ಆರೇಳು ಮನೆಯವರು ಸೇರಿ ಬಸಳೆ, ಬೆಂಡೆ, ಹೀರೆ ಹಾಕೋಣ ಅಂತ ಮಾತಾಡಿಕೊಂಡಿದ್ದೇವೆ. ಬೀಜ, ಗೊಬ್ಬರ ಕೊಡಿಸುತ್ತೇವೆ ಅಂತ ಒಂದು ಸಂಘದವರೂ ಹೇಳಿದ್ದಾರೆ. ಸುಮ್ನೆ ಗುದ್ದಲಿ ಹಿಡಿದು ಇಳಿಯಬಹುದಾ?

ಕೋರ್ಟ್ ಕಡೆಯವ:
ಇಳಿಯಬೇಡಿ ಅಕ್ಕ. ಖಾಸಗಿ ಸೈಟಿನದ್ದು ಸುಲಭ. ಕೊಟ್ಟ ಮೇಲೆ ಇವರು ಎದ್ದು ಹೋಗದಿದ್ದರೆ ಏನು ಗತಿ ಅನ್ನುವುದೊಂದೇ ಮಾಲೀಕರ ಭಯ. ಒಪ್ಪಿಗೆ ಇಲ್ಲದೆ, ತಮ್ಮದೇ ಜಾಗ ಅನ್ನುವಂತೆ 12 ವರ್ಷ ಅನುಭವಿಸಿಕೊಂಡು ಬಂದವರು ಹಕ್ಕು ಕೇಳಬಹುದು ಅಂತ ಅವರೂ ಕೇಳಿರುತ್ತಾರೆ (ಸರ್ಕಾರಿ ಜಾಗಕ್ಕೆ 30 ವರ್ಷ). ಆದರೆ ಮಾಲೀಕರೇ ಒಪ್ಪಿ ಬರೆದುಕೊಟ್ಟಿದ್ದರೆ ಆ ಲೆಕ್ಕ ಶುರುವೇ ಆಗುವುದಿಲ್ಲ. ಅಂದರೆ ಕರಾರು ಪತ್ರ ನಿಮಗಿಂತ ಜಾಸ್ತಿ ಅವರಿಗೇ ರಕ್ಷಣೆ, ಹಾಗೇ ಹೇಳಿ ಕೇಳಿ. 11 ತಿಂಗಳಿಗೆ ಬರೆಸಿ, ವರ್ಷ ಮೀರಿದರೆ ರಿಜಿಸ್ಟರ್ ಮಾಡಿಸಬೇಕು.

ಸಿಎ ಸೈಟಿಗೆ, ನಿಮ್ಮ ಬಡಾವಣೆ ಪಾಲಿಕೆಗೆ ಹಸ್ತಾಂತರ ಆಗಿದೆಯಾ, ಇನ್ನೂ ಸೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಕೈಯಲ್ಲೇ ಇದೆಯಾ ಅಂತ ಮೊದಲು ತಿಳಿದುಕೊಳ್ಳಿ. ಇಲ್ಲದಿದ್ದರೆ ಅರ್ಜಿ ಹಿಡಿದು ಎರಡು ಕಡೆಗೂ ಅಲೆಯುವುದೇ ಆಗುತ್ತದೆ.

ತೀರ್ಥಹಳ್ಳಿ ಮಾಣಿ:
ಸಿಮೆಂಟ್ ಚೂರು ಬಿದ್ದ ನೆಲ ಅಗೆಯಲು ಹೋಗಬೇಡಿ ಮಾರಾಯ್ರೆ, ಸೊಂಟ ಹೋಗುತ್ತದೆ ಅಷ್ಟೇ. ಕೈಗೆ ಸಿಕ್ಕ ಚೂರು ಆರಿಸಿ ತೆಗೆದು, ಹೊರಗಿನಿಂದ ಮಣ್ಣು, ಗೊಬ್ಬರ ತಂದು ಒಂದಡಿ ಎತ್ತರದ ಏರುಮಡಿ ಮಾಡಿ. ಜುಲೈ ಮಳೆಯಲ್ಲಿ ಬುಡಕ್ಕೆ ನೀರು ನಿಲ್ಲುವುದಿಲ್ಲ. ನಮ್ಮ ಕಡೆ ಮಣ್ಣು ಹುಳಿ ಅಂತ ಸುಣ್ಣ ಹಾಕುವ ರೂಢಿ ಇದೆ ಅಲ್ವಾ, ಅದನ್ನು ಇಲ್ಲಿಗೆ ತರಬೇಡಿ. ಸಿಮೆಂಟಿನಲ್ಲೇ ಬೇಕಾದಷ್ಟು ಸುಣ್ಣ ಇದೆ. ಮಣ್ಣು ಪರೀಕ್ಷೆ ಬಗ್ಗೆ ನವುಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಕಾಂಗ್ರೆಸ್ ಗಿಡ ಹೂ ಬಿಡುವ ಮುಂಚೆ ಕೀಳಿ, ಬರಿಗೈಯಲ್ಲಿ ಬೇಡ, ತುರಿಕೆ ಬರುತ್ತದೆ. ಮಂಗ ಬರುವ ಬೀದಿಯಾದರೆ ಸೌತೆ, ಹೀರೆ ನಂಬಿಕೊಳ್ಳಬೇಡಿ, ಅಂಚಿಗೆ ಕೆಸು, ಸುವರ್ಣಗೆಡ್ಡೆ ಹಾಕಿ. ಬೀದಿ ದನಕ್ಕೆ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಗೂಟ ನೆಟ್ಟರೆ ಸಾಕು, ಮಳೆಗೆ ಚಿಗುರಿ ಅದೇ ಬೇಲಿ, ಅದೇ ಸೊಪ್ಪಿನ ಗೊಬ್ಬರ.

ಇನ್ನೊಂದು. ಬೀಜಕ್ಕೆ ಸಂಘ ಯಾಕೆ ಬೇಕು? ಹಳ್ಳಿಯಲ್ಲಿ ಯಾರನ್ನು ಕೇಳಿದರೂ ಒಂದು ಮುಷ್ಟಿ ಕೊಡುತ್ತಾರೆ. ಮಾರ್ಚ್, ಏಪ್ರಿಲ್‌ನಲ್ಲಿ ನೀರು ಎಲ್ಲಿಂದ? ನಲ್ಲಿಯಲ್ಲಿ ಬರುವ ಕುಡಿಯುವ ನೀರನ್ನು ಗಿಡಕ್ಕೆ ಬಿಟ್ಟರೆ ಅಕ್ಕಪಕ್ಕದವರೇ ಜಗಳಕ್ಕೆ ಬರುತ್ತಾರೆ. ಆ ಸಂಘದವರ ಹತ್ತಿರ ಬೀಜದ ಬದಲು ಟ್ಯಾಂಕ್ ಕೇಳಿ, ಪೈಪ್ ಕೇಳಿ. ಅವರು ಫೋಟೋ ತೆಗೆಸಿಕೊಂಡು ಹೋದ ಮೇಲೂ ಅದು ಉಳಿಯುತ್ತದೆ.

ವಿನೋಬನಗರ ನಿವಾಸಿ:
ನನ್ನದು ಸ್ವಲ್ಪ ಬೇರೆ ಮಾತು, ಬೇಜಾರು ಮಾಡಿಕೊಳ್ಳಬೇಡಿ. ಸಿಎ ಸೈಟ್ ಇಡೀ ಬಡಾವಣೆಯ ಜಾಗ, ನಾಳೆ ಅಂಗನವಾಡಿ ಬರಬಹುದು. ಸ್ವಂತ ಮನೆ, ಹಿತ್ತಲು ಎರಡೂ ಇರುವ ಆರೇಳು ಜನ ಅದಕ್ಕೆ ಬೇಲಿ ಹಾಕಿದರೆ ಅದೂ ಒಂಥರಾ ಒತ್ತುವರಿಯೇ. ಮಹಡಿಯಲ್ಲಿ ಬಾಡಿಗೆಗೆ ಇರುವವರಿಗೆ, ನಿಮ್ಮ ಮನೆಗಳಿಗೆ ಕೆಲಸಕ್ಕೆ ಬರುವ ಹೆಂಗಸರಿಗೆ ಮೊದಲು ಮಡಿ ಕೊಡಿ. ಇಂಗ್ಲೆಂಡಿನಲ್ಲಿ 1908ರ ಕಾನೂನೇ ಇದೆ, ಜನ ಕೇಳಿದರೆ ಸ್ಥಳೀಯ ಆಡಳಿತ ಕೃಷಿಗೆ ತುಂಡು ಜಾಗ ಒದಗಿಸಬೇಕು, ಕಡಿಮೆ ಬಿದ್ದರೆ ಹೆಸರು ಬರೆಸಿ ಸರದಿ ಕಾಯುತ್ತಾರೆ. ಅಷ್ಟು ದೂರ ಬೇಡ, ಕೇರಳದಲ್ಲಿ ಕುಟುಂಬಶ್ರೀ ಸ್ವಸಹಾಯ ಸಂಘಗಳ ಹೆಂಗಸರು ಗುಂಪು ಮಾಡಿಕೊಂಡು ಬೇರೆಯವರ ಜಮೀನು ಗುತ್ತಿಗೆಗೆ ಹಿಡಿದು ಬೆಳೆಯುತ್ತಾರೆ. ನೀವೂ ಒಂದು ಸ್ತ್ರೀಶಕ್ತಿ ಗುಂಪಿನ ಮೂಲಕ ಅರ್ಜಿ ಕೊಟ್ಟರೆ ನನ್ನಂಥವರ ತಕರಾರು ಇರುವುದಿಲ್ಲ.

ಗೋಪಾಳದವಳು:
ಬೇಜಾರೇನಿಲ್ಲ ಸರ್, ಬಾಡಿಗೆ ಮನೆಯವರನ್ನು ನಾವು ಕೇಳಿಯೇ ಇರಲಿಲ್ಲ. ಮೊದಲು ಖಾಸಗಿ ಸೈಟಿನಲ್ಲಿ ಶುರು ಮಾಡುತ್ತೇವೆ, ಮಾಲೀಕರ ಫೋನ್ ನಂಬರ್ ಸಿಕ್ಕಿದೆ. ಕರಾರು ಯಾರ ಹೆಸರಿನಲ್ಲಿ ಬರೆಸುವುದು? ನಮ್ಮದು ನೋಂದಣಿ ಆದ ಸಂಘ ಅಲ್ಲ.

ಕೋರ್ಟ್ ಕಡೆಯವ:
ಇಬ್ಬರ ಹೆಸರಿನಲ್ಲಿ ಬರೆಸಿ, ಉಳಿದವರು ಸಾಕ್ಷಿ ಹಾಕಲಿ. ಒಬ್ಬರದ್ದೇ ಹೆಸರಿದ್ದರೆ ಅವರು ಮನೆ ಬದಲಾಯಿಸಿದ ದಿನ ತೋಟಕ್ಕೆ ದಿಕ್ಕಿಲ್ಲ.