ಕಾಲ ಉರುಳಿದಷ್ಟೂ ಜೀವಿಗಳು ಸಂಕೀರ್ಣವಾಗಲೇಬೇಕೆ?

ಜೀವಶಾಸ್ತ್ರದ ಮೇಷ್ಟ್ರು (ಪ್ರಶ್ನೆ)

ಪದವಿಪೂರ್ವ ತರಗತಿಯಲ್ಲಿ ಜೀವವಿಕಾಸ ಕಲಿಸುವಾಗ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೊಂದನ್ನು ಇಲ್ಲಿ ಚರ್ಚೆಗಿಡುತ್ತಿದ್ದೇನೆ. ಭೂಮಿಯ ಮೇಲೆ ಜೀವ ಕಾಣಿಸಿಕೊಂಡು ಸುಮಾರು 350 ಕೋಟಿ ವರ್ಷಗಳಾದರೂ ಆಗಿವೆ. ಅದರ ಮೊದಲರ್ಧದಲ್ಲಿ ಇದ್ದದ್ದು ಬಹುಮಟ್ಟಿಗೆ ಕೋಶಕೇಂದ್ರವಿಲ್ಲದ ಏಕಕೋಶ ಜೀವಿಗಳು. ಪ್ರಾಣಿಗಳು ಕಾಣಿಸಿಕೊಂಡದ್ದು ಸುಮಾರು 60 ಕೋಟಿ ವರ್ಷಗಳಿಂದೀಚೆಗೆ. ಈ ಕಾಲರೇಖೆಯನ್ನು ಹಲಗೆಯ ಮೇಲೆ ಎಳೆದ ಕೂಡಲೇ ವಿದ್ಯಾರ್ಥಿಗಳು, ಸಾಕಷ್ಟು ಕಾಲ ಕೊಟ್ಟರೆ ಸರಳವಾದದ್ದು ತಾನಾಗಿಯೇ ಸಂಕೀರ್ಣವಾಗುತ್ತದೆ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಹಾಗಿದ್ದರೆ ನಮ್ಮಷ್ಟೇ ಹಳೆಯ ವಂಶಾವಳಿಯುಳ್ಳ ಬ್ಯಾಕ್ಟೀರಿಯಾಗಳು ಬ್ಯಾಕ್ಟೀರಿಯಾಗಳಾಗಿಯೇ ಉಳಿದದ್ದೇಕೆ, ಕರುಳಿದ್ದ ಪೂರ್ವಜರಿಂದ ಬಂದ ಲಾಡಿಹುಳು ಕರುಳನ್ನೇ ಕಳೆದುಕೊಂಡದ್ದೇಕೆ ಎಂದು ಕೇಳುತ್ತೇನೆ. ಆದರೆ ಇವು ಆಕ್ಷೇಪಗಳೇ ಹೊರತು ಉತ್ತರವಲ್ಲ. ಸಂಕೀರ್ಣತೆ ಹುಟ್ಟುವುದರಲ್ಲಿ ಕಾಲದ ಪಾತ್ರವೇನು ಎಂಬುದನ್ನು ಪಳೆಯುಳಿಕೆಗಳಿಂದ ಊಹಿಸುವ ಬದಲು ಪ್ರಯೋಗದಿಂದಲೇ ಪರೀಕ್ಷಿಸಿದವರಿದ್ದಾರೆಯೇ?

ಪ್ರಯೋಗಶಾಲೆಯ ಮೂಲೆ

ಇದ್ದಾರೆ. ಅಮೆರಿಕದ ರಿಚರ್ಡ್ ಲೆನ್ಸ್ಕಿ 1988ರ ಫೆಬ್ರವರಿಯಲ್ಲಿ ಒಂದೇ ಮೂಲದ ಇ. ಕೋಲಿ ಬ್ಯಾಕ್ಟೀರಿಯಾವನ್ನು ಹನ್ನೆರಡು ಫ್ಲಾಸ್ಕುಗಳಿಗೆ ಹಂಚಿ ಆರಂಭಿಸಿದ ಪ್ರಯೋಗ ಹಲವು ದಶಕಗಳ ಕಾಲ ಮುಂದುವರಿದಿದೆ. ದಿನಕ್ಕೊಮ್ಮೆ ಪ್ರತಿ ಫ್ಲಾಸ್ಕಿನ ದ್ರವದಲ್ಲಿ ನೂರರ ಒಂದು ಭಾಗವನ್ನಷ್ಟೇ ಹೊಸ ಪೋಷಕ ದ್ರವಕ್ಕೆ ವರ್ಗಾಯಿಸುತ್ತಾರೆ. ಆ ಒಂದು ಭಾಗ ಮತ್ತೆ ನೂರಾಗುವಷ್ಟರಲ್ಲಿ ಸುಮಾರು ಆರೂವರೆ ಪೀಳಿಗೆಗಳು ಕಳೆದಿರುತ್ತವೆ. ಪ್ರತಿ 500 ಪೀಳಿಗೆಗೊಮ್ಮೆ ಮಾದರಿಯನ್ನು ಶೈತ್ಯಾಗಾರದಲ್ಲಿ ಹೆಪ್ಪುಗಟ್ಟಿಸಿ ಇಡುತ್ತಾರೆ. ಹೀಗೆ ಇಟ್ಟ ಜೀವಿಗಳು ಸಾಯುವುದಿಲ್ಲವಾದ್ದರಿಂದ ಪೂರ್ವಜರನ್ನು ಬೇಕೆಂದಾಗ ಎಬ್ಬಿಸಿ ಅವರದೇ ಸಂತತಿಯೊಡನೆ ಪೈಪೋಟಿಗೆ ಬಿಡಬಹುದು. ಪಳೆಯುಳಿಕೆಗಳನ್ನು ನೆಚ್ಚಿಕೊಂಡವರಿಗೆ ಕನಸಿನಲ್ಲಿಯೂ ಸಿಗದ ಅನುಕೂಲವಿದು.

ಆ ದ್ರವದಲ್ಲಿ ಸ್ವಲ್ಪ ಗ್ಲೂಕೋಸ್ ಮತ್ತು ಅದಕ್ಕಿಂತ ಬಹಳ ಹೆಚ್ಚು ಸಿಟ್ರೇಟ್ (ನಿಂಬೆಹುಳಿಯ ಲವಣ) ಇರುತ್ತದೆ. ಆಮ್ಲಜನಕವಿರುವಾಗ ಸಿಟ್ರೇಟನ್ನು ತಿನ್ನಲಾಗದಿರುವುದು ಇ. ಕೋಲಿಯನ್ನು ಗುರುತಿಸುವ ಲಕ್ಷಣಗಳಲ್ಲೊಂದು. ಹೀಗಿರುವಾಗ 2003ರಲ್ಲಿ, 33,000 ಪೀಳಿಗೆಗಳ ಆಸುಪಾಸಿನಲ್ಲಿ, ಒಂದು ಫ್ಲಾಸ್ಕು ಮಾತ್ರ ಎಂದಿಗಿಂತ ಮಬ್ಬಾಗಿ ಕಂಡಿತು. ಬೇರೆ ಯಾವುದೋ ಸೂಕ್ಷ್ಮಜೀವಿ ಸೇರಿಕೊಂಡಿರಬೇಕೆಂದು ಮೊದಲು ಶಂಕಿಸಿದರಾದರೂ ಪರೀಕ್ಷಿಸಿದಾಗ ಅಲ್ಲಿದ್ದದ್ದು ಸಿಟ್ರೇಟ್ ತಿನ್ನಲು ಕಲಿತ ಅದೇ ಇ. ಕೋಲಿ. ಸಿಟ್ರೇಟನ್ನು ಒಳಗೆ ಸಾಗಿಸುವ ಪ್ರೊಟೀನಿನ ಜೀನ್ ಅದರಲ್ಲಿ ಮೊದಲೇ ಇತ್ತು, ಆಮ್ಲಜನಕವಿದ್ದಾಗ ನಿಷ್ಕ್ರಿಯವಾಗಿರುತ್ತಿತ್ತು, ಅಷ್ಟೆ. ಡಿಎನ್‌ಎಯ ಆ ತುಂಡು ತನ್ನ ಪಕ್ಕದಲ್ಲೇ ನಕಲಾದಾಗ, ಆಮ್ಲಜನಕವಿದ್ದಾಗಲೂ ಕೆಲಸ ಮಾಡುವ ಬೇರೊಂದು ಜೀನಿನ ಸ್ವಿಚ್ ಆ ನಕಲಿನ ಹಿಂದೆ ಬಂದು ಕುಳಿತಿತು.

ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು ಇದರ ಮುಂದಿನ ಭಾಗ. ಲೆನ್ಸ್ಕಿಯ ಸಹೋದ್ಯೋಗಿ ಝಾಕರಿ ಬ್ಲೌಂಟ್ ಇದೇ ಫ್ಲಾಸ್ಕಿನ ಬೇರೆ ಬೇರೆ ಕಾಲದ ಮಾದರಿಗಳನ್ನು ಎಬ್ಬಿಸಿ, ವಿಕಾಸವನ್ನು ಅಲ್ಲಿಂದಲೇ ಮತ್ತೆ ನಡೆಸಿ ನೋಡಿದರು. 20,000ನೇ ಪೀಳಿಗೆಯಿಂದೀಚಿನ ಮಾದರಿಗಳಲ್ಲಿ ಸಿಟ್ರೇಟ್ ತಿನ್ನುವ ಗುಣ ಅಪರೂಪಕ್ಕಾದರೂ ಮತ್ತೆ ಹುಟ್ಟಿತು. ಅದಕ್ಕಿಂತ ಹಳೆಯವುಗಳಲ್ಲಿ ಹುಟ್ಟಲಿಲ್ಲ. ಹನ್ನೆರಡು ಫ್ಲಾಸ್ಕುಗಳಿಗೂ ಸಿಕ್ಕ ಕಾಲ ಒಂದೇ, ಆಹಾರವೂ ಒಂದೇ. ಆದರೂ ಉಳಿದ ಹನ್ನೊಂದು 60,000 ಪೀಳಿಗೆ ದಾಟಿದರೂ ಈ ಗುಣವನ್ನು ಪಡೆಯಲಿಲ್ಲ. ಆದ್ದರಿಂದ ಎಷ್ಟು ಕಾಲ ಕಳೆಯಿತು ಎಂಬುದಕ್ಕಿಂತ, ಆ ಕಾಲದಲ್ಲಿ ಯಾವ ಬದಲಾವಣೆಯ ಹಿಂದೆ ಯಾವ ಬದಲಾವಣೆ ಬಂತು ಎಂಬುದೇ ನಿರ್ಣಾಯಕವೆಂದು ನನ್ನ ಅಭಿಪ್ರಾಯ.

ಸಂದೇಹಿ

ಈ ಕಥೆಯನ್ನು ಇಷ್ಟಕ್ಕೇ ನಿಲ್ಲಿಸುವುದು ಸರಿಯಲ್ಲ. ಇಡಾಹೊ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದಂತೆ, ಸಿಟ್ರೇಟಿಗಾಗಿಯೇ ನೇರ ಆಯ್ಕೆ ನಡೆಯುವ, ಅಂದರೆ ಅದನ್ನು ತಿನ್ನಬಲ್ಲವಕ್ಕೇ ಮೇಲುಗೈ ಸಿಗುವ, ಪರಿಸ್ಥಿತಿಯನ್ನು ಒದಗಿಸಿದರೆ ಇದೇ ಗುಣ 12ರಿಂದ 100 ಪೀಳಿಗೆಗಳೊಳಗೆ ಹುಟ್ಟುತ್ತದೆ. ಅವರಿಗೆ ಅಂಥ 46 ತಳಿಗಳು ಸಿಕ್ಕವು. ಕೆಲವೇ ವಾರಗಳಲ್ಲಿ ಆಗುವ ಕೆಲಸಕ್ಕೆ 31,000ಕ್ಕೂ ಹೆಚ್ಚು ಪೀಳಿಗೆ ಬೇಕಾಯಿತೆಂದರೆ ಅದು ವಿಕಾಸದ ನಿಧಾನವನ್ನು ತೋರಿಸುತ್ತದೆಯೋ, ದಿನಕ್ಕೊಮ್ಮೆ ವರ್ಗಾಯಿಸುವ ವಿಧಾನದ ಮಿತಿಯನ್ನೋ?

ಪ್ರಯೋಗಶಾಲೆಯ ಮೂಲೆ

ಆಕ್ಷೇಪ ನ್ಯಾಯವಾದದ್ದೇ. ಆದರೆ ಲೆನ್ಸ್ಕಿಯ ಫ್ಲಾಸ್ಕಿನಲ್ಲಿ ಸಿಟ್ರೇಟನ್ನು ಅಷ್ಟಿಷ್ಟು ತಿನ್ನಬಲ್ಲ ಜೀವಿಯೊಂದು ಹುಟ್ಟಿದರೂ ಅದು ಮೊದಲು ಗ್ಲೂಕೋಸಿಗಾಗಿ ಉಳಿದವರೊಡನೆ ಗೆಲ್ಲಬೇಕಾಗಿತ್ತು; ಸೋತರೆ ಮರುದಿನದ ಆ ನೂರರ ಒಂದು ಭಾಗದಲ್ಲಿ ಅದರ ಸಂತತಿಗೆ ಜಾಗವೇ ಸಿಗದೆ ಹೋಗಬಹುದು. ಇಡಾಹೊದಲ್ಲಿ ಆ ಪೈಪೋಟಿಯ ಒತ್ತಡವಿರಲಿಲ್ಲ. ವರ್ಷಗಳ ಲೆಕ್ಕ ತಾನಾಗಿ ಏನನ್ನೂ ವಿವರಿಸುವುದಿಲ್ಲ ಎಂಬುದನ್ನು ಎರಡೂ ಪ್ರಯೋಗಗಳು ಹೇಳುತ್ತಿವೆ ಎಂದೇ ನಾನು ಓದಿಕೊಳ್ಳುತ್ತೇನೆ.

ಪ್ರೊಟೀನ್ ಪ್ರಿಯ

ಸಂಕೀರ್ಣವಾದದ್ದು ಪ್ರಯೋಜನಕ್ಕೆ ಬಂದದ್ದರಿಂದಲೇ ಉಳಿದುಕೊಂಡಿತು ಎಂಬ ಊಹೆಯೊಂದು ಮೇಲಿನ ಎಲ್ಲ ಮಾತುಗಳಲ್ಲಿ ಸದ್ದಿಲ್ಲದೆ ನುಸುಳಿದೆ. ಅದು ಅಗತ್ಯವೇನಲ್ಲ. ನಮ್ಮ ಜೀವಕೋಶಗಳಲ್ಲಿ ಪ್ರೋಟಾನುಗಳನ್ನು ಪಂಪು ಮಾಡುವ ಯಂತ್ರವೊಂದರಲ್ಲಿ ಹಲವು ಘಟಕಗಳ ಉಂಗುರವಿದೆ. ಪ್ರಾಣಿಗಳಲ್ಲಿ ಆ ಉಂಗುರ ಎರಡು ಬಗೆಯ ಪ್ರೊಟೀನುಗಳಿಂದ ಆಗಿದ್ದರೆ ಶಿಲೀಂಧ್ರಗಳಲ್ಲಿ ಮೂರು ಬಗೆಯವು ಬೇಕು, ಮೂರರಲ್ಲಿ ಯಾವುದು ತಪ್ಪಿದರೂ ಯಂತ್ರ ನಿಲ್ಲುತ್ತದೆ. ಜೋಸೆಫ್ ಥಾರ್ನ್‌ಟನ್ ಮತ್ತು ಸಹೋದ್ಯೋಗಿಗಳು ಇಂದಿನ ಜೀವಿಗಳ ಪ್ರೊಟೀನುಗಳನ್ನು ಹೋಲಿಸಿ ಪೂರ್ವಜ ಪ್ರೊಟೀನಿನ ರಚನೆಯನ್ನು ಲೆಕ್ಕಹಾಕಿ, ಅದರ ಜೀನನ್ನು ತಯಾರಿಸಿ, ಇಂದಿನ ಯೀಸ್ಟಿನೊಳಗೆ ಸೇರಿಸಿದ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಇಂದಿನ ಎರಡು ಪ್ರೊಟೀನುಗಳು ಮಾಡುತ್ತಿದ್ದ ಕೆಲಸವನ್ನು ಆ ಒಂದೇ ಪೂರ್ವಜ ಪ್ರೊಟೀನು ನಿಭಾಯಿಸಿತು!

ಆದದ್ದಿಷ್ಟು: ಹಳೆಯ ಜೀನ್ ಆಕಸ್ಮಿಕವಾಗಿ ಎರಡು ಪ್ರತಿಯಾಯಿತು. ಪೂರ್ವಜ ಪ್ರೊಟೀನಿಗೆ ಉಂಗುರದ ಹಲವು ಸ್ಥಾನಗಳಲ್ಲಿ ಕೂರಬಲ್ಲ ಸಾಮರ್ಥ್ಯವಿತ್ತು. ಒಂದು ಪ್ರತಿ ಒಂದು ಬದಿಯ ಹಿಡಿತವನ್ನೂ ಇನ್ನೊಂದು ಮತ್ತೊಂದು ಬದಿಯ ಹಿಡಿತವನ್ನೂ ಸಣ್ಣ ಉತ್ಪರಿವರ್ತನೆಗಳಿಂದ ಕಳೆದುಕೊಂಡವು. ಎರಡೂ ಊನವಾದ ಮೇಲೆ ಎರಡೂ ಅನಿವಾರ್ಯವಾದವು. ಹೊಸ ಕಾರ್ಯವೊಂದೂ ಸೇರಲಿಲ್ಲ, ಬಿಡಿಭಾಗಗಳು ಮಾತ್ರ ಹೆಚ್ಚಿದವು. ಕಾಲಕ್ಕೆ ಇಲ್ಲಿ ನಿಜಕ್ಕೂ ಒಂದು ದಿಕ್ಕು ಬಂದಿದೆ, ಏಕೆಂದರೆ ಹಿಡಿತ ಕೆಡಲು ಒಂದೆರಡು ಬದಲಾವಣೆ ಸಾಕು. ಕೆಟ್ಟದ್ದು ಸರಿಹೋಗಿ ಒಂದು ಪ್ರತಿ ಮತ್ತೆ ಬೇಡವಾಗುವ ಸಂಭವ ತೀರ ಕಡಿಮೆ.

ಜೀವಶಾಸ್ತ್ರದ ಮೇಷ್ಟ್ರು

ಮೂವರಿಗೂ ಧನ್ಯವಾದಗಳು. ಉಂಗುರದ ಉದಾಹರಣೆಯನ್ನು ಹಲಗೆಯ ಮೇಲೆ ಕೆಲವು ವೃತ್ತಗಳಲ್ಲಿಯೇ ತೋರಿಸಬಹುದು. ಕಾಲ ಕಳೆದಂತೆ ಜೀವಿ ಸರಳವಾದದ್ದನ್ನೂ ಪ್ರಯೋಗದಲ್ಲಿ ಕಂಡವರಿದ್ದಾರೆಯೇ?

ಸಂದೇಹಿ

1967ರಲ್ಲಿ ಸಾಲ್ ಸ್ಪೀಗಲ್‌ಮನ್ ಮತ್ತು ಸಂಗಡಿಗರು ವೈರಸ್ಸೊಂದರ ಆರ್‌ಎನ್‌ಎಯನ್ನು ಅದನ್ನು ನಕಲಿಸುವ ಕಿಣ್ವದೊಡನೆ ಪ್ರನಾಳದಲ್ಲಿಟ್ಟು, ಬೇಗ ನಕಲಾದದ್ದೇ ಮುಂದಿನ ಪ್ರನಾಳಕ್ಕೆ ಸಾಗುವಂತೆ ವರ್ಗಾಯಿಸುತ್ತ ಹೋದರು. 74 ವರ್ಗಾವಣೆಗಳ ಹೊತ್ತಿಗೆ ಆ ಆರ್‌ಎನ್‌ಎ ತನ್ನ ಶೇಕಡ 83ರಷ್ಟನ್ನು ಕಳಚಿಕೊಂಡಿತ್ತು. ಕಿಣ್ವ ಹೊರಗಿನಿಂದಲೇ ಸಿಗುತ್ತಿದ್ದುದರಿಂದ, ಬ್ಯಾಕ್ಟೀರಿಯಾವನ್ನು ಹೊಕ್ಕು ಬದುಕಲು ಬೇಕಾದ ಭಾಗಗಳೆಲ್ಲ ಅಲ್ಲಿ ಹೊರೆಯಾಗಿದ್ದವು.

ಲೆನ್ಸ್ಕಿಯ ಫ್ಲಾಸ್ಕುಗಳಲ್ಲಿಯೂ ಇದು ನಡೆದಿದೆ. ರೈಬೋಸ್ ಎಂಬ ಸಕ್ಕರೆಯನ್ನು ಬಳಸುವ ಸಾಮರ್ಥ್ಯವನ್ನು ಹನ್ನೆರಡೂ ಸಮುದಾಯಗಳು ಮೊದಲ 2,000 ಪೀಳಿಗೆಗಳೊಳಗೇ ಕಳೆದುಕೊಂಡವು. ಅದಕ್ಕೆ ಸಂಬಂಧಿಸಿದ ಜೀನುಗಳ ಪಕ್ಕದಲ್ಲಿ ಜಿಗಿಯುವ ಡಿಎನ್‌ಎ ತುಂಡೊಂದು ಇದ್ದುದರಿಂದ ಆ ಭಾಗ ಅಳಿಸಿಹೋಗುವುದು ಸುಲಭವಾಗಿತ್ತು. ರೈಬೋಸ್ ಇಲ್ಲದ ದ್ರವದಲ್ಲಿ ಹಾಗೆ ಅಳಿಸಿಹೋದವು ಒಂದೆರಡು ಶೇಕಡದಷ್ಟು ಮೇಲುಗೈಯನ್ನೂ ಪಡೆದವು.