ಲಿಮಿಟ್ಸ್.ಕಾನ್ಫ್‌ನಲ್ಲಿ 65535 ಹಾಕಿದರೂ "ಟೂ ಮೆನಿ ಓಪನ್ ಫೈಲ್ಸ್" (ಡೆಬಿಯನ್ 12)

ಮಳೆಲೆಕ್ಕ, ಹೊಸನಗರ

ಹೊಸನಗರ, ತೀರ್ಥಹಳ್ಳಿ ಕಡೆಯ ತೋಟಗಳಲ್ಲಿ ನಾವು ಕೆಲವರು ಸೇರಿ ಅರವತ್ತರಷ್ಟು ಮಳೆಮಾಪಕ ಕೂರಿಸಿದ್ದೇವೆ. ಒಂದೊಂದಕ್ಕೂ ಸಿಮ್ ಹಾಕಿದ ಸಣ್ಣ ಬೋರ್ಡ್. ಅದು ಸರ್ವರಿಗೆ ಕನೆಕ್ಷನ್ ತೆರೆದಿಟ್ಟುಕೊಂಡು ಹತ್ತು ನಿಮಿಷಕ್ಕೊಮ್ಮೆ ರೀಡಿಂಗ್ ಕಳಿಸುತ್ತದೆ. ತೆಗೆದುಕೊಳ್ಳುವುದು ಒಂದು ಪೈಥಾನ್ ಪ್ರೋಗ್ರಾಂ. ಸಿಸ್ಟಮ್‌ಡಿ (ಹಿನ್ನೆಲೆ ಪ್ರೋಗ್ರಾಂಗಳನ್ನು ಎಬ್ಬಿಸಿ ನೋಡಿಕೊಳ್ಳುವುದು) ಸರ್ವಿಸ್ ಆಗಿ, ಅದಕ್ಕೆಂದೇ ಮಾಡಿದ ಯೂಸರ್ ಹೆಸರಲ್ಲಿ ಓಡುತ್ತದೆ.

ಬೇಸಿಗೆಯಿಡೀ ತೊಂದರೆ ಇರಲಿಲ್ಲ. ಆರಿದ್ರಾ ಮಳೆ ಹಿಡಿದ ಮೇಲೆ ಆಗಾಗ "ಎರ್ನೋ 24, ಟೂ ಮೆನಿ ಓಪನ್ ಫೈಲ್ಸ್" ಎಂದು ಹೊಸ ಕನೆಕ್ಷನ್ ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತದೆ. ಯೂಸರುಗಳ ಮಿತಿ ಬರೆದಿಡುವ ಲಿಮಿಟ್ಸ್.ಕಾನ್ಫ್‌ನಲ್ಲಿ ಆ ಯೂಸರಿಗೆ ಸಾಫ್ಟ್ (ಈಗ ಜಾರಿಯಲ್ಲಿರುವ ಮಿತಿ), ಹಾರ್ಡ್ (ಅದನ್ನು ಏರಿಸಬಹುದಾದ ಗರಿಷ್ಠ) ಎರಡಕ್ಕೂ ನೋಫೈಲ್, ಅಂದರೆ ತೆರೆದಿಡಬಹುದಾದ ಫೈಲ್ ಸಂಖ್ಯೆ, 65535 ಹಾಕಿದೆ. ಆ ಯೂಸರ್ ಆಗಿ ಲಾಗಿನ್ ಆಗಿ ಯುಲಿಮಿಟ್ -ಎನ್ ಕೊಟ್ಟರೆ 65535 ಅಂತಲೇ ತೋರಿಸುತ್ತದೆ. ರೀಬೂಟೂ ಆಯ್ತು. ಎರರ್ ಮಾತ್ರ ಹೋಗಿಲ್ಲ. ಜೋರು ಮಳೆ ಬಂದ ದಿನದ ಲೆಕ್ಕವೇ ಕೈತಪ್ಪುತ್ತಿದೆ, ಗೊತ್ತಿದ್ದವರು ಹೇಳಿ.

ತುಂಗಾತೀರ, ಶಿವಮೊಗ್ಗ

ನೀವು ನೋಡಿದ 65535 ನಿಮ್ಮ ಟರ್ಮಿನಲ್‌ಗೆ ಸಿಕ್ಕ ಮಿತಿ, ಪ್ರೋಗ್ರಾಮಿಗೆ ಸಿಕ್ಕಿದ್ದಲ್ಲ. ಲಿಮಿಟ್ಸ್.ಕಾನ್ಫ್ ಓದುವುದು ಲಾಗಿನ್ ನೋಡಿಕೊಳ್ಳುವ ಪ್ಯಾಮ್‌ನ ಒಂದು ಮಾಡ್ಯೂಲ್, ಅದೂ ಯಾರಾದರೂ ಲಾಗಿನ್ ಆದಾಗ. ಸಿಸ್ಟಮ್‌ಡಿ ಸರ್ವಿಸ್ ಏಳುವಾಗ ಸಾಮಾನ್ಯವಾಗಿ ಆ ದಾರಿಯಲ್ಲಿ ಬರುವುದೇ ಇಲ್ಲ. ಅದಕ್ಕೆ ಸಿಗುವುದು ಸಿಸ್ಟಮ್‌ಡಿಯ ಡೀಫಾಲ್ಟ್: ಸಾಫ್ಟ್ 1024, ಹಾರ್ಡ್ 524288. ಎರರ್ ಬರುವುದು ಸಾಫ್ಟ್ ಮಿತಿ ಮುಟ್ಟಿದಾಗ.

ಓಡುತ್ತಿರುವ ಪ್ರೋಗ್ರಾಮಿನ ನಂಬರ್ (ಪಿಐಡಿ) ಹುಡುಕಿ, ಪ್ರೊಕ್ ಅಡಿಯಲ್ಲಿ ಆ ನಂಬರಿನ ಫೋಲ್ಡರಿನೊಳಗಿರುವ ಲಿಮಿಟ್ಸ್ ಫೈಲ್ ತೆರೆಯಿರಿ. "ಮ್ಯಾಕ್ಸ್ ಓಪನ್ ಫೈಲ್ಸ್" ಸಾಲಿನಲ್ಲಿ ಇರುವುದೇ ನಿಜವಾದ ಮಿತಿ.

ಮಿತಿ ಏರಿಸುವುದು ಸುಲಭ. ಆದರೆ ಅದಕ್ಕೂ ಮೊದಲು ಒಂದು ನೋಡಿ ಮಾರಾಯ್ರೇ: ಕನೆಕ್ಷನ್ ಒಂದೊಂದೂ ತೆರೆದ ಫೈಲಿನ ಲೆಕ್ಕಕ್ಕೇ ಸೇರುತ್ತದೆ, ಆದರೂ ಅರವತ್ತು ಮಾಪಕಕ್ಕೆ 1024 ಯಾಕೆ ಸಾಲಲಿಲ್ಲ? ಅದೇ ಫೋಲ್ಡರಿನೊಳಗೆ ಎಫ್‌ಡಿ ಅಂತ ಇನ್ನೊಂದಿದೆ, ಎಲ್‌ಎಸ್ -ಎಲ್ ಕೊಟ್ಟು ಏನೇನು ತೆರೆದಿದೆ ಹೇಳಿ.

ಮಳೆಲೆಕ್ಕ, ಹೊಸನಗರ

ಹೌದು ಸರ್, ಅಲ್ಲಿ 1024 ಅಂತಲೇ ಇದೆ. ಎಫ್‌ಡಿಯಲ್ಲಿ ಉದ್ದಕ್ಕೂ ಸಾಕೆಟ್, ಸಾಕೆಟ್, ಸಾಕೆಟ್, ಅಂದರೆ ಬರೀ ಕನೆಕ್ಷನ್‌ಗಳೇ. ಕನೆಕ್ಷನ್ ಪಟ್ಟಿ ತೋರಿಸುವ ಎಸ್‌ಎಸ್ ಕಮಾಂಡಿನಲ್ಲಿ ಎಲ್ಲ "ಎಸ್ಟಾಬ್ಲಿಷ್ಡ್" (ಚಾಲ್ತಿಯಲ್ಲಿದೆ). ನಮ್ಮ ಲಾಗ್ ಪ್ರಕಾರ ಮಾಸ್ತಿಕಟ್ಟೆಯ ಒಂದೇ ಮಾಪಕ ಮತ್ತೆ ಮತ್ತೆ ಹೊಸದಾಗಿ ಬಂದು ಸೇರಿದೆ. ಆ ಕಡೆ ಮಳೆ ಬಂದರೆ ಕರೆಂಟ್ ಉಳಿಯುವುದಿಲ್ಲ, ಟವರೂ ಹೋಗುತ್ತದೆ.

ತುಂಗಾತೀರ, ಶಿವಮೊಗ್ಗ

ಸಿಕ್ಕಿತು. ಕರೆಂಟ್ ಹೋದಾಗ ಬೋರ್ಡ್ "ಹೊರಟೆ" ಎಂದು ಹೇಳದೆಯೇ ಆರಿಹೋಗುತ್ತದೆ. ನಿಮ್ಮ ಪ್ರೋಗ್ರಾಂ ಬರೀ ಓದುವುದರಿಂದ ಆ ಕಡೆ ಯಾರೂ ಇಲ್ಲ ಎಂದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಕರೆಂಟ್ ಬಂದ ಮೇಲೆ ಬೋರ್ಡ್ ಹೊಸ ಕನೆಕ್ಷನ್ ಹಿಡಿಯುತ್ತದೆ, ಹಳೆಯದು ಹಾಗೇ ಉಳಿಯುತ್ತದೆ. ಆ ಕಡೆ ಇದ್ದಾರೆಯೇ ಎಂದು ವಿಚಾರಿಸುವ ಟಿಸಿಪಿ ಕೀಪಲೈವ್, ಪ್ರೋಗ್ರಾಂ ಕೇಳಿದರೆ ಮಾತ್ರ ಚಾಲೂ ಆಗುತ್ತದೆ. ಕೇಳಿದರೂ ಲಿನಕ್ಸ್ ಡೀಫಾಲ್ಟಿನಲ್ಲಿ 7200 ಸೆಕೆಂಡ್ ಸುಮ್ಮನಿದ್ದು, ಆಮೇಲೆ 75 ಸೆಕೆಂಡಿಗೊಮ್ಮೆ 9 ಸಲ ವಿಚಾರಿಸಿ ಕೈಬಿಡುತ್ತದೆ. ಅಂದರೆ ಎರಡು ಗಂಟೆಯ ಮೇಲಾಯ್ತು.

ಹತ್ತು ನಿಮಿಷಕ್ಕೊಮ್ಮೆ ರೀಡಿಂಗ್ ಬರಬೇಕಲ್ಲ, ಅರ್ಧ ಗಂಟೆ ಏನೂ ಬಾರದ ಸಾಕೆಟನ್ನು ಮುಚ್ಚಿಬಿಡಿ. ಪೈಥಾನಿನಲ್ಲಿ ಸೆಟ್‌ಟೈಮೌಟ್ 1800 ಕೊಟ್ಟು, ಟೈಮೌಟ್ ಆದಾಗ ಕ್ಲೋಸ್ ಕರೆದರೆ ಆಯ್ತು. ಇದನ್ನು ಮಾಡದೆ 65535 ಕೊಟ್ಟರೆ ಇದೇ ಎರರ್ ಕಾರ್ತಿಕದಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ.

ಮಿತಿಯನ್ನೂ ಸ್ವಲ್ಪ ಏರಿಸಿಕೊಳ್ಳಿ, 4096 ಧಾರಾಳವಾಯ್ತು. ಸಿಸ್ಟಮ್‌ಸಿಟಿಎಲ್ ಎಡಿಟ್ ಜೊತೆ ಸರ್ವಿಸ್ ಹೆಸರು ಕೊಟ್ಟು, ಸರ್ವಿಸ್ ವಿಭಾಗದಲ್ಲಿ ಲಿಮಿಟ್‌ನೋಫೈಲ್=4096 ಬರೆದು ರೀಸ್ಟಾರ್ಟ್ ಮಾಡಿ. ಪ್ರೋಗ್ರಾಂ ಸೆಲೆಕ್ಟ್ (ಯಾವ ಸಾಕೆಟಿಗೆ ಡೇಟಾ ಬಂತೆಂದು ಕಾಯುವ ಹಳೆಯ ವಿಧಾನ) ಬಳಸುತ್ತಿದ್ದರೆ ಮಾತ್ರ ಏರಿಸಬೇಡಿ. ಸೆಲೆಕ್ಟಿಗೆ 1023ರ ಮೇಲಿನ ಫೈಲ್ ನಂಬರ್ ಹಿಡಿಯಲು ಬರುವುದಿಲ್ಲ, ಸಾಫ್ಟ್ ಮಿತಿಯನ್ನು ಇಂದಿಗೂ 1024ರಲ್ಲೇ ಇಟ್ಟಿರುವುದು ಅದಕ್ಕೇ. ಪೋಲ್ ಅಥವಾ ಈಪೋಲ್‌ಗೆ ಬದಲಿಸಿಕೊಳ್ಳಿ.

ಈಗಲೇ ತುಂಬುತ್ತಾ ಬಂದಿದ್ದರೆ ಪಿಆರ್‌ಲಿಮಿಟ್ ಕಮಾಂಡಿನಿಂದ ಓಡುತ್ತಿರುವ ಪ್ರೋಗ್ರಾಮಿಗೇ ಮಿತಿ ಏರಿಸಬಹುದು. ಇವತ್ತಿನ ರಾತ್ರಿಯ ರೀಡಿಂಗ್ ಉಳಿಯುತ್ತದೆ.

ಕಾಡುದಾರಿ, ಸಾಗರ

ನನ್ನದು ಫ್ರೀಬಿಎಸ್‌ಡಿ, ಅಲ್ಲಿ ಲಿಮಿಟ್ಸ್.ಕಾನ್ಫ್ ಇಲ್ಲವಲ್ಲ?

ತುಂಗಾತೀರ, ಶಿವಮೊಗ್ಗ

ಇಲ್ಲ. ಅಲ್ಲಿ ಲಾಗಿನ್.ಕಾನ್ಫ್‌ನಲ್ಲಿ ಯೂಸರಿನ ಕ್ಲಾಸಿಗೆ ಓಪನ್‌ಫೈಲ್ಸ್ ಬದಲಿಸಿ, ಆಮೇಲೆ ಕ್ಯಾಪ್_ಎಂಕೆಡಿಬಿ ಓಡಿಸಲೇಬೇಕು, ಇಲ್ಲದಿದ್ದರೆ ಹಳೆಯ ಡೇಟಾಬೇಸೇ ಲೆಕ್ಕಕ್ಕೆ ಬರುತ್ತದೆ.

ಮಳೆಲೆಕ್ಕ, ಹೊಸನಗರ

ಟೈಮೌಟ್ ಹಾಕಿದೆ ಸರ್. ನಿನ್ನೆ ರಾತ್ರಿ ಮಾಸ್ತಿಕಟ್ಟೆ ಕಡೆ ಕರೆಂಟ್ ಹೋಗಿ ಬಂದು ಆಗುತ್ತಲೇ ಇತ್ತು, ಬೆಳಿಗ್ಗೆ ಎಫ್‌ಡಿ ಎಣಿಸಿದರೆ ಎಪ್ಪತ್ತರ ಒಳಗೇ ಇದೆ. ಪ್ರೋಗ್ರಾಮಿನಲ್ಲಿ ಸೆಲೆಕ್ಟ್ ಇಲ್ಲ, ಹಾಗಾಗಿ 4096 ಕೂಡ ಕೊಟ್ಟಿದ್ದೇನೆ. ತುಂಬ ಉಪಕಾರವಾಯ್ತು.